ಎಡಕ್ಕೆ, ಬಲಕ್ಕೆ, ಮೇಲಕ್ಕೆ

ಮಾರ್ಚ್ 4, ಸೋಮವಾರ

ದಿನಾ ಬರೆದಿಡಿ ಎಂದು ಡಾಕ್ಟರಮ್ಮ ಹೇಳಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ತಲೆ ಸುತ್ತಿದ್ದು ಯಾವಾಗ, ಆಗ ಏನು ಮಾಡುತ್ತಿದ್ದೆ, ಇಷ್ಟು ಬರೆದರೆ ಸಾಕಂತೆ. ವರ್ಷಗಟ್ಟಲೆ ಸ್ಟೀರಿಂಗ್ ಹಿಡಿದ ಕೈಗೆ ಪೆನ್ನು ಕೊಟ್ಟಿದ್ದಾರೆ. ಎಲ್ಲಿ ಹೋಗಿ ನಿಲ್ಲುತ್ತದೋ ನೋಡೋಣ.

ಕಾಯಿಲೆ ಕಿವಿಯದು. ಜ್ವರ ಬಂದು ಬಿಟ್ಟ ಮೇಲೆ ಎಡಗಿವಿಯೊಳಗೆ, ಮೈ ಓಲಾಡದಂತೆ ನೋಡಿಕೊಳ್ಳುವ ಭಾಗ ಸೋಮಾರಿಯಾಗಿದೆಯಂತೆ. ನಾನು ತಲೆ ತಿರುಗಿಸಿದರೆ ಸಾಕು, ಎದುರಿನ ಗೋಡೆ ನನಗಿಂತ ಮೊದಲೇ ತಿರುಗಿಬಿಡುತ್ತದೆ. ಮಾತ್ರೆಗಿಂತ ನಡಿಗೆಯೇ ಇದಕ್ಕೆ ಮದ್ದು. ಅದೂ ಸಪಾಟು ರಸ್ತೆಯಲ್ಲಲ್ಲ, ಉಬ್ಬುತಗ್ಗಿನ ನೆಲದ ಮೇಲೆ. ನಡೆಯುತ್ತಾ ತಲೆಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ತಿರುಗಿಸುತ್ತಲೇ ಇರಬೇಕು. ಏಪ್ರಿಲ್ ಹದಿನೆಂಟಕ್ಕೆ ಡಿಪೋದವರ ಪರೀಕ್ಷೆ. ಪಾಸಾದರೆ ಬಸ್ಸು, ಇಲ್ಲದಿದ್ದರೆ ಡಿಪೋದೊಳಗೆ ಒಂದು ಮೇಜು.

ನಮ್ಮ ಮನೆ ಇರುವ ಕಡೆ ರಸ್ತೆಗಳೆಲ್ಲ ಇಸ್ತ್ರಿ ಮಾಡಿದ ಹಾಗಿವೆ. ಆದ್ದರಿಂದ ಅಕ್ಕನ ಮನೆಗೆ ಬಂದಿದ್ದೇನೆ. ಅಕ್ಕ ಇರುವುದು ಹಳೇ ಊರಿನಲ್ಲಿ, ಊರು ಸುತ್ತಿದ ಹಳೇ ಗೋಡೆಯ ಒಳಗೆ. ಕೆಳಗೆ ಅವಳ ಅಂಗಿ ಗುಂಡಿಗಳ ಅಂಗಡಿ, ಮೇಲೆ ಮನೆ. ನಮ್ಮನೆಯವಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಬೆಳಗಿನ ಪಾಳಿ, ಅವಳು ಬರುವಂತಿಲ್ಲ. ಬಟ್ಟೆ ಮಾತ್ರ ತಾನೇ ತುಂಬಿಸಿ ಕಳಿಸಿದಳು.

ನನ್ನ ಬಸ್ಸು ಈ ಗೋಡೆಯ ಹೊರಗಡೆ ಸುತ್ತು ಹಾಕುತ್ತದೆ. ಒಳಗೆ ಬಸ್ಸಿಗೆ ಜಾಗವಿಲ್ಲ, ಹಾಗಾಗಿ ನನಗೂ ಇಲ್ಲಿ ಕೆಲಸವಿರಲಿಲ್ಲ.

ಒಂದಂತೂ ಬರೆದಿಡುತ್ತೇನೆ. ಪರೀಕ್ಷೆಯ ದಿನ ತಲೆ ಸುತ್ತಿದರೂ ಹಲ್ಲು ಕಚ್ಚಿಕೊಂಡು ಓಡಿಸಿಬಿಡುತ್ತೇನೆ. ನನ್ನ ತಲೆಯೊಳಗಿನದು ಪರೀಕ್ಷಕರ ಕಣ್ಣಿಗೆಲ್ಲಿ ಬೀಳುತ್ತದೆ!

ಮಾರ್ಚ್ 5, ಮಂಗಳವಾರ

ಇದು ಬೀದಿಯೋ, ಹಲ್ಲುದುರಿದ ಬಾಯೋ? ಒಂದು ಕಲ್ಲು ಎದ್ದಿದ್ದರೆ ಪಕ್ಕದ್ದು ಹೂತಿದೆ. ಮೂಲೆಗಳು ಇದ್ದಕ್ಕಿದ್ದಂತೆ ತಿರುಗುತ್ತವೆ, ಸೂಚನೆಯ ಫಲಕವೂ ಇಲ್ಲ. ಎರಡು ಕೈಗಾಡಿಗಳು ಎದುರುಬದುರಾದರೆ ಒಂದು ಯಾರದಾದರೂ ಮನೆಯೊಳಗೆ ಹೋಗಬೇಕು. ಇದನ್ನು ಕಟ್ಟಿದವರಿಗೆ ವಾಹನ ಎಂದರೇನೆಂದೇ ಗೊತ್ತಿರಲಿಲ್ಲ.

ಅಕ್ಕನಿಗೆ ಇದನ್ನೇ ಹೇಳಿದೆ. ಅವಳು ಗುಂಡಿಗಳನ್ನು ಬಣ್ಣ ನೋಡಿ ಡಬ್ಬಿಗೆ ಹಾಕುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದಳು.

"ಇಲ್ಲಿ ನೆಲ ನಿಜವಾಗ್ಲೂ ಡೊಂಕಿದೆ ಅಕ್ಕ!"

"ಅದಕ್ಕೇ ತಾನೇ ನಿನ್ನನ್ನ ಇಲ್ಲಿಗೆ ಕಳಿಸಿರೋದು. ಆಮೇಲೆ ನೀನು ಮೂಲೆ ಮೂಲೆಗೂ ನಿಂತ್ಕೊಂಡು ಭುಜದ ಕಡೆ ಏನು ನೋಡ್ತೀಯೋ? ನಾಲ್ಕು ಜನ ಕೇಳಿದ್ರು ನನ್ನ."

ಕನ್ನಡಿ ನೋಡುತ್ತೇನೆ. ಅಭ್ಯಾಸ. ಭುಜದ ಪಕ್ಕ ಕನ್ನಡಿ ಇಲ್ಲ ಎಂಬುದು ಪ್ರತಿ ಮೂಲೆಯಲ್ಲೂ ಹೊಸದಾಗಿ ಗೊತ್ತಾಗುತ್ತದೆ.

ತಲೆ ಸುತ್ತಿದ್ದು: ಲೆಕ್ಕ ಇಡಲಿಲ್ಲ, ಸುತ್ತದೆ ಇದ್ದದ್ದನ್ನು ಬರೆಯುವುದೇ ಸುಲಭ.

ಮಾರ್ಚ್ 8, ಶುಕ್ರವಾರ

ಇವತ್ತು ಮರ್ಯಾದೆ ಹೋಗುವುದರಲ್ಲಿತ್ತು, ಹೋಗಲಿಲ್ಲ. ಬದಲಿಗೆ ಬಂತು.

ಇಳಿಜಾರಿನ ತುದಿಯಲ್ಲಿ ಒಂದು ಹಸಿರು ಬಾಗಿಲಿನ ಮನೆಯಿದೆ. ಅಲ್ಲಿಗೆ ಬರುವಾಗ ತಲೆ ಬಲಕ್ಕೆ ತಿರುಗಿಸಿದೆ, ಬೀದಿ ಎಡಕ್ಕೆ ಹೊರಟಿತು. ಬಾಗಿಲ ಪಕ್ಕದ ಕಲ್ಲಿನ ಕಂಬವನ್ನು ತಬ್ಬಿ ಹಿಡಿದೆ. ಹಗಲು ಹೊತ್ತಿನಲ್ಲಿ ಗಂಡಸೊಬ್ಬ ಹೀಗೆ ಕಂಬ ತಬ್ಬಿಕೊಂಡರೆ ನೋಡಿದವರು ಏನಂದುಕೊಳ್ಳುತ್ತಾರೆ? ಕುಡಿದಿದ್ದಾನೆ ಎಂದೇ. ಅದಕ್ಕೆ ಉಪಾಯ ಮಾಡಿದೆ. ತಲೆ ಎತ್ತಿ, ಬಾಗಿಲ ಮೇಲಿನ ಕೆತ್ತನೆಯನ್ನು ಗಂಭೀರವಾಗಿ ನೋಡುತ್ತಾ ನಿಂತೆ. ಇನ್ನೊಂದು ಕೈಯಿಂದ ಕಂಬವನ್ನು ಎರಡು ಸಲ ತಟ್ಟಿದೆ, ಗಟ್ಟಿ ಇದೆಯೇ ಎಂದು ನೋಡುವವರಂತೆ.

ಬಾಗಿಲು ತೆರೆಯಿತು. ಬೆಳ್ಳಿಕೂದಲಿನ ಹೆಂಗಸು, ಕೈತುಂಬ ಬಣ್ಣದ ಕಲೆ.

"ನೋಡಿ, ನೋಡಿ. ಚೆನ್ನಾಗಿ ನೋಡಿ. ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಬಂದ್ರಲ್ಲ!" ಎಂದರು. "ಎಡಗಡೆ ಹಕ್ಕಿಗೆ ಕೊಕ್ಕಿಲ್ಲ, ಕಾಣ್ತಾ? ಕೆತ್ತಿದವನು ಊಟಕ್ಕೆ ಹೋದವನು ವಾಪಸ್ ಬರಲಿಲ್ವಂತೆ. ನಮ್ಮ ಅಜ್ಜಿ ಹೇಳ್ತಿದ್ರು."

ನನಗೆ ಕಾಣುತ್ತಿದ್ದದ್ದು ಎರಡೆರಡು ಹಕ್ಕಿ. ಆದರೂ "ಹ್ಞೂಂ, ಹ್ಞೂಂ" ಎಂದೆ. ಆಕೆ ಚಿತ್ರಕಲೆಯ ಟೀಚರಮ್ಮ, ಈಗ ನಿವೃತ್ತಿ. ಒಳಗೆ ಕರೆದು ಕಾಫಿ ಕೊಟ್ಟು, ಮೆಟ್ಟಿಲಿನ ಕಟಕಟೆ ಮುಟ್ಟಿಸಿ, ಹಿತ್ತಿಲಿನ ಬಾವಿಯನ್ನೂ ತೋರಿಸಿದರು. ಬಾವಿಯ ಅಂಚಿನ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಹಿಡಿಸುವಷ್ಟು ಗೀರು ಬಿದ್ದಿದೆ. ನಾನು ಬೆರಳಿಟ್ಟು ನೋಡಿದೆ. ತಣ್ಣಗಿತ್ತು.

ನನ್ನನ್ನು ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಯವನು ಎಂದುಕೊಂಡಿದ್ದಾರೆ. ನಾನೇನೂ ಹಾಗೆ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಮಾರ್ಚ್ 12, ಮಂಗಳವಾರ

ಬೀದಿಯಲ್ಲಿ ಸುದ್ದಿ ಹಬ್ಬಿದೆ. ಬೀಗದ ರಿಪೇರಿಯವರು ನಾನು ಬರುವುದು ಕಂಡು ಅಂಗಡಿಯ ಹಿತ್ತಾಳೆ ಹಿಡಿಯನ್ನು ತಿಕ್ಕಲು ಶುರು ಮಾಡಿದರು. ನನಗೆ ಅವರ ಕಮಾನಿನ ಹತ್ತಿರ ತಲೆ ಸುತ್ತಿತು, ಕಮಾನನ್ನು ನೋಡಿದೆ. ಕಮಾನಿನ ನೆತ್ತಿಯ ಗಾರೆಯಲ್ಲಿ ಪುಟ್ಟ ಪಾದದ ಗುರುತು ಇದೆ, ಹಸಿ ಸುಣ್ಣದ ಮೇಲೆ ಯಾವ ಮಗು ಕಾಲಿಟ್ಟಿತೋ, ಅಷ್ಟು ಎತ್ತರಕ್ಕೆ ಹೇಗೆ ಹತ್ತಿತೋ ಎಂದು ಅವರು ಹೇಳಿದರು. ಅಲ್ಲಿಂದ ಮುಂದಿನ ಮನೆಯವರು ನಾನು ನಿಲ್ಲದೆ ಹೋದದ್ದಕ್ಕೆ ಬೇಜಾರು ಮಾಡಿಕೊಂಡರಂತೆ. ನಾಳೆ ಅಲ್ಲೂ ಸ್ವಲ್ಪ ನಿಲ್ಲಬೇಕು.

ಎಲ್ಲಿ ತಲೆ ಸುತ್ತುತ್ತದೋ ಅಲ್ಲೊಂದು ಚರಿತ್ರೆ ಸಿಗುತ್ತಿದೆ. ಬಿಟ್ಟಿ ಮರ್ಯಾದೆ ಯಾರಿಗೆ ಬೇಡ?

ಮಾರ್ಚ್ 16, ಶನಿವಾರ

ಟೀಚರಮ್ಮ ಇವತ್ತು ಮೇಲಿನ ಕೋಣೆಗೆ ಕರೆದುಕೊಂಡು ಹೋದರು. ಕಿಟಕಿಯ ಚೌಕಟ್ಟು ಕೊಳೆತು ಹೋಗಿದೆ, ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ.

"ಬಡಗಿಯವರು ಬರ್ತೀನಿ ಅಂದ್ರು, ನಾನೇ ಬೇಡ ಅಂದೆ" ಎಂದರು. "ನೀವು ಬಂದಿದೀರಲ್ಲ, ನೀವು ಹೇಳಿದ ಹಾಗೆ ಮಾಡಿಸೋಣ ಅಂತ. ಮಳೆ ಬರೋದ್ರೊಳಗೆ ಒಂದು ಮಾತು ಹೇಳಿಬಿಡಿ."

ಹಿಡಿದ ಕಾಫಿ ಲೋಟ ಭಾರವಾಯಿತು. "ನೋಡೋಣ" ಎಂದು ಹೇಳಿ ಬಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ದಾರಿಯುದ್ದಕ್ಕೂ ನಮಸ್ಕಾರ ಹೇಳಿದವರನ್ನೆಲ್ಲ ಅನುಮಾನದಿಂದ ನೋಡಿದೆ.

ಅಕ್ಕನಿಗೆ ಎಲ್ಲ ಹೇಳಿದೆ. ನಕ್ಕು ನಕ್ಕು ಅವಳ ಕೈಯಲ್ಲಿದ್ದ ಗುಂಡಿಯ ಡಬ್ಬಿ ಚೆಲ್ಲಿತು. ಆರಿಸಿಕೊಡಲು ಬಗ್ಗಿದೆ, ತಲೆ ಸುತ್ತಿತು, ನೆಲದ ಮೇಲೇ ಕೂತೆ.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆ ಕಾಣಲ್ವೇನೋ?" ಎಂದಳು. ಆಮೇಲೆ ನಗು ನಿಲ್ಲಿಸಿದಳು. "ಹೋಗಿ ಹೇಳು. ನಾನು ಹೇಳಲ್ಲ, ನೀನೇ ಹೇಳ್ಬೇಕು. ಪಾಪ, ಅವರ ಕಿಟಕಿ."

"ತಲೆ ಸುತ್ತುತ್ತೆ ಅಂತ ಹೇಳ್ಕೊಂಡು ತಿರುಗಲಾ?"

"ಸುತ್ತೋದು ನಿಜ ತಾನೇ?"

ಮಾರ್ಚ್ 17, ಭಾನುವಾರ

ಹೇಳಿದೆ. ಇಷ್ಟು ಕಷ್ಟವಾಗುತ್ತದೆ ಎಂದುಕೊಂಡಿರಲಿಲ್ಲ. ಹಸಿರು ಬಾಗಿಲು ತಟ್ಟುವ ಮೊದಲು ಎರಡು ಸಲ ಇಳಿಜಾರು ಇಳಿದು ಹತ್ತಿದೆ.

"ನಾನು ಕಚೇರಿಯವನಲ್ಲ. ಬಸ್ ಡ್ರೈವರ್. ಗುಂಡಿ ಅಂಗಡಿಯವರ ತಮ್ಮ. ನನಗೆ ತಲೆ ಸುತ್ತೋ ಕಾಯಿಲೆ ಇದೆ, ಅದಕ್ಕೆ ನಿಮ್ಮ ಕಂಬ ಹಿಡ್ಕೊಂಡಿದ್ದು. ಹಕ್ಕಿ ನೋಡೋಕಲ್ಲ."

ಟೀಚರಮ್ಮ ಕೈಯ ಬಣ್ಣವನ್ನು ಸೆರಗಿಗೆ ಒರೆಸಿಕೊಂಡರು. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ ಎಂದು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

"ಆಮೇಲಾದ್ರೂ ಹಕ್ಕಿ ನೋಡಿದ್ರಾ?" ಎಂದರು.

"ನೋಡಿದೆ. ಬಲಗಡೆದು ನಗ್ತಾ ಇದೆ."

"ಅದನ್ನ ಇಲ್ಲಿವರೆಗೂ ಯಾರೂ ಹೇಳಿರಲಿಲ್ಲ" ಎಂದು ಹೊರಗೆ ಬಂದು, ಕತ್ತೆತ್ತಿ, ತಾವೂ ನೋಡಿದರು. ಆಮೇಲೆ ಒಳಗೆ ಹೋಗಿ ಒಂದು ಬೆತ್ತದ ಕುರ್ಚಿ ತಂದು ಕಂಬದ ಪಕ್ಕ ಇಟ್ಟರು. "ಇನ್ನು ಕಂಬ ತಬ್ಕೋಬೇಡಿ, ಕೂತ್ಕೊಳ್ಳಿ. ನೋಡಿದವರು ತಪ್ಪು ತಿಳ್ಕೋತಾರೆ."

ಮಾರ್ಚ್ 25, ಸೋಮವಾರ

ಬರೆಯದೆ ಎಂಟು ದಿನ ಆಯಿತಂತೆ, ಅಕ್ಕ ಹೇಳಿದಳು. ತಿರುಗಾಟದಲ್ಲಿ ಪುರುಸೊತ್ತಿಲ್ಲ.

ಈಗ ಬೀಗದವರ ಅಂಗಡಿಯ ಮುಂದೆ ಒಂದು ಸ್ಟೂಲು, ಬ್ರೆಡ್ಡಿನ ಅಂಗಡಿಯ ಹತ್ತಿರ ಮಗುಚಿಟ್ಟ ಪೆಟ್ಟಿಗೆ, ಮೆಟ್ಟಿಲುಬೀದಿಯ ಬುಡದಲ್ಲಿ ಯಾರದೋ ಹಳೇ ಬೆಂಚು. ಎಲ್ಲ ನನಗಾಗಿ. ಕಚೇರಿಯವನಲ್ಲ ಎಂದು ಗೊತ್ತಾದ ಮೇಲೆ ಮರ್ಯಾದೆ ಕಡಿಮೆಯಾಗಿದೆ, ಮಾತು ಹೆಚ್ಚಾಗಿದೆ. "ಡ್ರೈವರೇ, ಇವತ್ತು ಲೇಟು!" "ಡ್ರೈವರೇ, ಟಿಕೆಟ್ ತಗೊಂಡ್ರಾ?" ಎಂದು ಕಿಟಕಿಗಳಿಂದ ಕೂಗುತ್ತಾರೆ. ಸ್ಟೂಲಿನ ಮೇಲೆ ಬೇರೆಯವರು ಕೂತಿದ್ದರೆ ಬೀಗದವರು ಎಬ್ಬಿಸುತ್ತಾರೆ, ನಾನು ಬೇಡ ಎಂದರೂ.

ಇವತ್ತು ಹೊಸದೊಂದು ಓಣಿ ಹೊಕ್ಕೆ. ಮುಂದೆ ದಾರಿಯಿಲ್ಲ ಎಂದುಕೊಂಡು ಹಿಂದಿರುಗುವವನಿದ್ದೆ, ಗೋಡೆಯಲ್ಲಿ ಬಾಗಿ ಹೋಗುವಷ್ಟೇ ಎತ್ತರದ ಬಾಗಿಲು ಕಂಡಿತು. ಆಚೆಗೆ ನಾಲ್ಕು ಮನೆಗಳ ನಡುವೆ ಒಂದು ಅಂಗಳ, ನಡುವೆ ಒಂದೇ ಮರ, ಮರಕ್ಕೆ ನಾಲ್ಕೂ ಮನೆಗಳ ಬಟ್ಟೆ ಒಣಗುವ ಹಗ್ಗ ಕಟ್ಟಿದೆ. ಗಾಳಿ ಬಂದರೆ ಎಲ್ಲರ ಅಂಗಿಗಳೂ ಒಟ್ಟಿಗೆ ಕೈಯೆತ್ತುತ್ತವೆ. ಬಿಸಿಲು ಒಂದು ಗೋಡೆಯಿಂದ ಇನ್ನೊಂದಕ್ಕೆ ದಾಟುವವರೆಗೂ ಅಲ್ಲೇ ಕೂತಿದ್ದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಸುಖವಾಗಿತ್ತು.

ಮಾರ್ಚ್ 31, ಭಾನುವಾರ

ನಮ್ಮನೆಯವಳು ರಜೆ ಹಾಕಿ ಬಂದಿದ್ದಳು. ಇಡೀ ಹಳೇ ಊರು ತೋರಿಸಿದೆ. ಕೊಕ್ಕಿಲ್ಲದ ಹಕ್ಕಿ, ಕಮಾನಿನ ಪಾದ, ಒಂದೇ ಮನೆಗೆ ಎರಡು ನಂಬರು ಇರುವ ಬಾಗಿಲು (ಅಣ್ಣತಮ್ಮಂದಿರು ಜಗಳವಾಡಿ ಮನೆ ಪಾಲು ಮಾಡಿಕೊಂಡು, ಬಾಗಿಲು ಮಾತ್ರ ಒಂದೇ ಸಾಕೆಂದರಂತೆ), ಮೂರನೇ ಅಂತಸ್ತಿನಲ್ಲಿ ಕಿಟಕಿಯೇ ಅಲ್ಲದ, ಗೋಡೆಯ ಮೇಲೆ ಬರೆದ ಸುಳ್ಳು ಕಿಟಕಿ. ಅವಳು ಕಿಟಕಿಗಿಂತ ನನ್ನನ್ನೇ ಹೆಚ್ಚು ನೋಡುತ್ತಿದ್ದಳು.

"ಏನು?" ಎಂದೆ.

"ಮನೇಲಿ ಹೊಸ ಪರದೆ ಹಾಕಿ ಮೂರು ತಿಂಗಳಾಯ್ತು. ಯಾವ ಬಣ್ಣ ಹೇಳಿ?"

ಹೇಳಲಾಗಲಿಲ್ಲ. ಹಳೆಯವು ಯಾವ ಬಣ್ಣವಿತ್ತು ಎಂದೂ ನೆನಪಾಗಲಿಲ್ಲ. ಅವಳು ಸಿಟ್ಟಾಗಲಿಲ್ಲ, ಜೋರಾಗಿ ನಕ್ಕಳು. ಬೀದಿಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿದ್ದು ಯಾವಾಗಲೋ.

ಬೆಂಚಿನ ಮೇಲೆ ಕೂತಾಗ ಮೆಲ್ಲಗೆ ಕೇಳಿದಳು: "ಪಾಸಾಗದೆ ಇದ್ರೆ?"

"ಆಗ್ತೀನಿ."

"ಆಗದೆ ಇದ್ರೆ ಅಂದೆ."

"ಬಸ್ಸಿಲ್ಲದೆ ನಾನು ಏನು ಮಾಡ್ಲಿ ಹೇಳು" ಎಂದೆ. ಅವಳು ನನ್ನ ತೋಳು ಹಿಡಿದುಕೊಂಡು ಕೂತಳು.

ಏಪ್ರಿಲ್ 3, ಬುಧವಾರ

ತಲೆ ಸುತ್ತಿಲ್ಲ. ಟೀಚರಮ್ಮನ ಕಿಟಕಿಗೆ ಬಡಗಿ ಬಂದಿದ್ದಾರೆ. ಬಡಗಿಗೂ ನನಗೂ ಮರದ ಬಗ್ಗೆ ವಾದವಾಯಿತು. ನಾನೇ ಸೋತೆ.

ಏಪ್ರಿಲ್ 6, ಶನಿವಾರ

ಸುತ್ತಿಲ್ಲ. ಅಕ್ಕನ ಅಂಗಡಿಯಲ್ಲಿ ಕೂತು ಒಬ್ಬರ ಕೋಟಿಗೆ ಹೊಂದುವ ಗುಂಡಿ ಹುಡುಕಿಕೊಟ್ಟೆ. ಹೊಂದಲಿಲ್ಲವಂತೆ, ಅಕ್ಕ ಬೇರೆ ಕೊಟ್ಟಳು.

ಏಪ್ರಿಲ್ 11, ಗುರುವಾರ

ಹಳೇ ಊರಗೋಡೆಯ ಮೇಲಕ್ಕೆ ಹೋಗುವ ಮೆಟ್ಟಿಲು ಹತ್ತಿದೆ. ಬೀಗದವರು ಜೊತೆಗಿದ್ದರು. ಮೇಲಿನಿಂದ ಹೆಂಚುಗಳು, ಹೊಗೆಕೊಳವೆಗಳು, ಬೆಕ್ಕುಗಳು, ಒಂದು ಮನೆಯ ಮಾಳಿಗೆಯಲ್ಲಿ ಅಕ್ಕ ಹರವಿದ ನನ್ನದೇ ಅಂಗಿ. ಅದನ್ನು ಅವರಿಗೆ ತೋರಿಸಲು ಗಕ್ಕನೆ ತಿರುಗಿದೆ. ಇಡೀ ಊರು ಹೆಂಚುಸಮೇತ ಜಾರಿತು.

"ಹಿಡ್ಕೊಳ್ಳಿ, ತಲೆ ಸುತ್ತಿತು" ಎಂದೆ. ಅವರು ರಟ್ಟೆ ಹಿಡಿದರು. ಸ್ವಲ್ಪ ಹೊತ್ತು ಹಾಗೇ ನಿಂತೆವು. ನಿಂತಾಯಿತು, ಇಳಿದಾಯಿತು, ಬ್ರೆಡ್ಡಿನ ಅಂಗಡಿಯಲ್ಲಿ ಬಿಸಿ ಬನ್ನು ತಿಂದಾಯಿತು.

ಸಂಜೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಬಹಳ ಸುಧಾರಿಸಿದೆ, ಆದರೆ ಗಕ್ಕನೆ ತಿರುಗಿದರೆ ಇನ್ನೂ ಬರಬಹುದು, ಪೂರ್ತಿ ಹೋಗದೆಯೂ ಇರಬಹುದು ಎಂದರು. ಪರೀಕ್ಷೆಗೆ ಕೂರಬಹುದಂತೆ. ಅದೃಷ್ಟ ನೋಡೋಣ.

ಏಪ್ರಿಲ್ 17, ಬುಧವಾರ

ನಾಳೆ. ಅಕ್ಕ ನನ್ನ ಸಮವಸ್ತ್ರದ ಗುಂಡಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲಿದಿದ್ದಾಳೆ. ಯಾವುದೂ ಸಡಿಲವಾಗಿರಲಿಲ್ಲ.

"ಪಾಸಾದ ತಕ್ಷಣ ಓಡಿಹೋಗ್ತೀಯ" ಎಂದಳು ದಾರ ಕಚ್ಚುತ್ತಾ. "ನೀನು ಪಾಸಾಗ್ಲಿ ಅಂತಾನೇ ಬೇಡ್ಕೋತಿದೀನಿ. ಆದ್ರೂ ಹೇಳ್ತೀನಿ ಕೇಳು, ನೀನು ಹೋದ್ಮೇಲೆ ಈ ಮನೆ ಭಣಗುಟ್ಟುತ್ತೆ."

"ಅಕ್ಕ, ಬಸ್ಸಲ್ಲಿ ಬಂದ್ರೆ ಎಷ್ಟು ದೂರ?"

"ಅಷ್ಟೇ ದೂರ ಮೊದಲೂ ಇತ್ತಲ್ಲೋ."

ಭಾನುವಾರ ಭಾನುವಾರ ಬರುತ್ತೇನೆ ಎಂದೆ. ನಂಬಿದಳೋ ಇಲ್ಲವೋ, ಅಂಗಿಯನ್ನು ಮತ್ತೊಮ್ಮೆ ಇಸ್ತ್ರಿ ಮಾಡಿದಳು.

ಏಪ್ರಿಲ್ 18, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲು ಗೆರೆಯ ಮೇಲೆ ನಡೆಸಿದರು, ಕಣ್ಣು ಮುಚ್ಚಿಸಿ ಒಂಟಿಕಾಲಿನಲ್ಲಿ ನಿಲ್ಲಿಸಿದರು. ಎಲ್ಲ ಸಲೀಸು. ಮೆಟ್ಟಿಲುಬೀದಿ ಹತ್ತಿದವನಿಗೆ ಅದೆಂಥ ಲೆಕ್ಕ? ಆಮೇಲೆ ಖಾಲಿ ಬಸ್ಸು, ಪಕ್ಕದಲ್ಲಿ ಪರೀಕ್ಷಕರು, ನನ್ನದೇ ಹಳೇ ದಾರಿ. ಸೀಟಿನಲ್ಲಿ ಕೂತು ಇಂಜಿನ್ ಶುರು ಮಾಡಿದಾಗ ಕಣ್ಣು ತುಂಬಿತು. ಕೈಕಾಲು ತಾವಾಗಿಯೇ ಕೆಲಸ ಮಾಡಿದವು. ಸಿಗ್ನಲ್, ಸೇತುವೆ, ಮಾರುಕಟ್ಟೆ, ಒಂದು ಕಡೆಯೂ ತಪ್ಪಿಲ್ಲ. ಪರೀಕ್ಷಕರು ಬರೆಯುವುದನ್ನು ನಿಲ್ಲಿಸಿ ಕಾಲು ಚಾಚಿ ಕೂತಿದ್ದರು.

ದೊಡ್ಡ ವೃತ್ತದಲ್ಲಿ ಎಡಗಡೆಯಿಂದ ಒಂದು ಕಾರು ನುಗ್ಗಿತು. ಗಕ್ಕನೆ ತಿರುಗಿ ನೋಡಿದೆ. ರಸ್ತೆ ಜಾರಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಬಸ್ಸು ಕೂದಲೆಳೆಯಷ್ಟೂ ವಾಲಲಿಲ್ಲ. ರಸ್ತೆ ಮತ್ತೆ ಸರಿಯಾಯಿತು, ವೃತ್ತ ದಾಟಿದೆ. ಇನ್ನು ಉಳಿದಿದ್ದದ್ದು ಡಿಪೋವರೆಗಿನ ನೆಟ್ಟನೆಯ ರಸ್ತೆ.

ಕನ್ನಡಿಯಲ್ಲಿ ಹಿಂದಕ್ಕೆ ನೋಡಿದೆ. ಸೀಟುಗಳೆಲ್ಲ ಖಾಲಿ. ಆದರೆ ಯಾವ ಸೀಟಿನಲ್ಲಿ ಯಾರು ಕೂರುತ್ತಾರೆಂದು ನನಗೆ ಗೊತ್ತು. ಇಂಡಿಕೇಟರ್ ಹಾಕಿ, ಮೆಲ್ಲಗೆ ಪಕ್ಕಕ್ಕೆ ತಂದು, ಫುಟ್‌ಪಾತಿನ ಅಂಚಿಗೆ ಗೇಣಗಲ ಬಿಟ್ಟು ನಿಲ್ಲಿಸಿದೆ. ಹ್ಯಾಂಡ್ ಬ್ರೇಕ್ ಎಳೆದೆ. ಇಂಜಿನ್ ಆರಿಸಿದೆ.

"ಯಾಕ್ರೀ, ಇಲ್ಲಿ ಸ್ಟಾಪ್ ಇಲ್ವಲ್ಲ?" ಎಂದರು ಪರೀಕ್ಷಕರು.

"ವೃತ್ತದಲ್ಲಿ ನನಗೆ ತಲೆ ಸುತ್ತಿತು ಸಾರ್."

"ನನಗೇನೂ ಗೊತ್ತಾಗಲಿಲ್ಲ. ಗಾಡಿ ಅಲುಗಾಡಲೂ ಇಲ್ಲ."

"ನನಗೆ ಗೊತ್ತಾಯ್ತು ಸಾರ್."

ಅವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು. ಒಳ್ಳೆಯ ಮನುಷ್ಯ. "ಪಾಸು ಅಂತ ಬರೆದಾಗಿತ್ತು ಕಣ್ರೀ" ಎಂದರು ಮೆಲ್ಲಗೆ. "ಬೇಕಿದ್ರೆ ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸುತ್ತು ಹೋಗೋಣ. ನಾನು ಕಾಯ್ತೀನಿ."

ಹ್ಞೂಂ ಎನ್ನಲು ಬಾಯಿ ತೆರೆದಿದ್ದೆ. "ಬೇಡ ಸಾರ್" ಎಂದು ಹೊರಗೆ ಬಂತು. ಆಮೇಲೆ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಅಳುವಷ್ಟು ಅಳಲಿ ಎಂದು ಅವರು ಸುಮ್ಮನೆ ಹೊರಗಡೆ ನೋಡುತ್ತಾ ಕೂತಿದ್ದರು.

ಏಳಲು ನನಗೆ ಹೊತ್ತು ಹಿಡಿಯಿತು. ಅವರು ಡ್ರೈವರ್ ಸೀಟಿಗೆ ಬಂದರು. ನಾನು ಹಿಂದೆ ಹೋಗಿ ಎರಡನೇ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಟಿತು. ಈ ರಸ್ತೆಯಲ್ಲಿ ನಾನು ಎಷ್ಟು ಸಾವಿರ ಸಲ ಹೋಗಿದ್ದೇನೋ, ಪ್ರಯಾಣಿಕನಾಗಿ ಒಂದು ಸಲವೂ ಇಲ್ಲ. ಮುಖ ಒರೆಸಿಕೊಂಡು ಹೊರಗೆ ನೋಡಿದೆ. ಮೊದಲನೇ ಮಹಡಿಯ ಬಾಲ್ಕನಿಯಲ್ಲಿ ಒಬ್ಬಾಕೆ ತಲೆ ಒಣಗಿಸಿಕೊಳ್ಳುತ್ತಿದ್ದಳು. ಅದರ ಪಕ್ಕದ ಮನೆಗೆ ನೀಲಿ ಗಾಜಿನ ಕಿಟಕಿ. ಆಚೆಗೊಂದು ಹಳೇ ಗೋಡೆ, ಅದರ ನೆತ್ತಿಯಲ್ಲಿ ಕಲ್ಲಿನ ಕುದುರೆಯ ಮುಖ, ಮೂಗಿನ ಮೇಲೆ ಪಾರಿವಾಳ. ಇದೆಲ್ಲ ನನ್ನ ದಾರಿಯಲ್ಲೇ ಇತ್ತು. ಒಂದನ್ನು ನೋಡಿ ಮುಗಿಸುವಷ್ಟರಲ್ಲಿ ಇನ್ನೊಂದು ಹಿಂದೆ ಹೋಗುತ್ತಿತ್ತು.

"ಸಾರ್" ಎಂದೆ, "ಸ್ವಲ್ಪ ನಿಧಾನಕ್ಕೆ ಓಡಿಸ್ತೀರಾ?"